ಮ್ಯಾನಿಫೋಲ್ಡ್ ಬಿಚ್ಚುವ ಮುಂಚೆ

ಕೇಳುಗರೆ, ನಮಸ್ಕಾರ.

ನಾನು ಪುಣೆಯ ಭೋಸರಿಯಲ್ಲಿರುವ ಮೆಕ್ಯಾನಿಕ್. ಊರು ವಿಜಯಪುರದ ಕಡೆ. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಈಗ ಮನೆ ಮುಂದಿನ ತಗಡಿನ ಶೆಡ್ಡಿನಲ್ಲೇ ರಿಪೇರಿ ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಇಂಡಿ ತಾಲೂಕಿನ ಹುಡುಗನೊಬ್ಬ ತನ್ನ ಟ್ರಕ್ ತಂದ. ಬಿಎಸ್ 4 ಎಂಬ ಹಿಂದಿನ ಹೊಗೆ ನಿಯಮದ ಕಾಲದ ಗಾಡಿ. ನಾಲ್ಕು ಸಿಲಿಂಡರ್, 3 ಲೀಟರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ. "ಕಾಕಾ, ಲೋಡ್ ಹಾಕ್ಕೊಂಡು ಖಂಬಾಟ್ಕಿ ಘಾಟ್ ಏರೋವಾಗ ಗಾಡಿಗೆ ಜೀವಾನೇ ಇಲ್ಲ. ಹೊಗೀನೂ ಜಾಸ್ತಿ ಬಿಡ್ತದ. ಇಂಟೇಕ್ ಮ್ಯಾನಿಫೋಲ್ಡ್ ಕೊರೆದು ದೊಡ್ಡದು ಮಾಡಿಕೊಡ್ರಿ" ಅಂದ. ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕವಲು ಕೊಳವೆ. ಫೋನಿನಲ್ಲಿ ಯಾರೋ ಹಾಗೆ ಮಾಡಿದ್ದನ್ನು ನೋಡಿದ್ದನಂತೆ.

ಅವನ ಮಾತಿನಲ್ಲಿ ಅರ್ಧ ಸರಿ ಇತ್ತು. 1 ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಿಮೆ ಅಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಅವನ ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಎರಡು ಸುತ್ತಿಗೊಮ್ಮೆ 3 ಲೀಟರ್ ಗಾಳಿ ಎಳೆಯುತ್ತದೆ. ಅಂದರೆ ನಿಮಿಷಕ್ಕೆ 3,600 ಲೀಟರ್. ಟರ್ಬೊ ತುಂಬುವುದು ಇದರ ಮೇಲೆ. ಇಷ್ಟೂ ಗಾಳಿಯನ್ನು ನಾಲ್ಕು ಸಿಲಿಂಡರಿಗೆ ಹಂಚುವುದು ಮ್ಯಾನಿಫೋಲ್ಡ್. ಗಾಳಿ ಸಾಲದಿದ್ದರೆ ಡೀಸೆಲ್ ಅರೆಬರೆ ಉರಿದು ಕಪ್ಪು ಹೊಗೆಯಾಗುತ್ತದೆ.

ಆದರೆ ದಾರಿ ಕಟ್ಟಿರುವುದು ಎಲ್ಲಿ ಅಂತ ಮೊದಲು ನೋಡಬೇಕಲ್ವಾ? ಬಿಚ್ಚಿದೆವು. ಎರಡು ಬೆರಳು ಸಲೀಸಾಗಿ ಹೋಗಬೇಕಾದ ದಾರಿಯಲ್ಲಿ ನನ್ನ ಹೆಬ್ಬೆರಳೇ ಹೋಗಲಿಲ್ಲ. ಒಳಗೆಲ್ಲ ಡಾಂಬರಿನ ಹಾಗೆ ಕಪ್ಪು ಜಿಡ್ಡು.

ಈ ಜಿಡ್ಡು ಎಲ್ಲಿಂದ ಬರುತ್ತದೆ ಅಂದರೆ, ಇಂಥ ಗಾಡಿಯಲ್ಲಿ ಇಜಿಆರ್ ಅಂತ ಒಂದು ವಾಲ್ವ್ ಇರುತ್ತದೆ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಸ್ವಲ್ಪ ಪಾಲನ್ನು ಅದು ಮತ್ತೆ ಒಳಗೆ ಬಿಡುತ್ತದೆ. ಅದರಿಂದ ಉರಿಯ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಗಾಳಿ ಕಡಿಮೆಯಾಗುತ್ತದೆ. ಆದರೆ ಹೊಗೆಯ ಮಸಿಯೂ ಎಂಜಿನ್ನಿನ ಆಯಿಲ್ ಆವಿಯೂ ಸೇರಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತವೆ.

"ಹಂಗಾದ್ರ ಆ ವಾಲ್ವಿಗೆ ಪ್ಲೇಟ್ ಬಡದು ಮುಚ್ಚಿಬಿಡ್ರಿ" ಅಂದ. ನಾನು ಒಪ್ಪಲಿಲ್ಲ. ಕಂಪನಿ ಕೊಟ್ಟ ಹೊಗೆ ನಿಯಂತ್ರಣ ಕೀಳುವುದು ಕಾನೂನಿಗೂ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ನಮ್ಮ ಶೆಡ್ಡಿನ ಎದುರಿಗೇ ಶಾಲೆ ಮಕ್ಕಳ ರಿಕ್ಷಾ ನಿಲ್ಲುತ್ತದೆ. ನಾನು ಮುಚ್ಚಿದ ವಾಲ್ವಿನ ಹೊಗೆ ಆ ಮಕ್ಕಳ ಎದೆಗೆ ಹೋಗುತ್ತದೆ.

ಕೊರೆಯುವ ವಿಚಾರಕ್ಕೂ ಬೇಡ ಅಂದೆ. ಮ್ಯಾನಿಫೋಲ್ಡ್ ಹೋಗಿ ಕೂಡುವುದು ಹೆಡ್ಡಿಗೆ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ. ಹೆಡ್ಡಿನೊಳಗಿನ ಗಾಳಿ ದಾರಿ ಸುಮ್ನೆ ಒಂದು ತೂತಲ್ಲ. ಗಾಳಿ ಸುಳಿಯಾಗಿ ತಿರುಗುತ್ತ ಸಿಲಿಂಡರಿಗೆ ಇಳಿಯಲಿ ಅಂತಲೇ ಅದಕ್ಕೆ ಆ ಆಕಾರ ಕೊಟ್ಟಿರುತ್ತಾರೆ. ಆ ಸುಳಿಯಲ್ಲೇ ಡೀಸೆಲ್ ಬೆರೆಯುವುದು. ಗ್ರೈಂಡರ್ ಹಾಕಿ ಆಕಾರ ಕೆಡಿಸಿದರೆ ದಾರಿ ದೊಡ್ಡದಾಗುತ್ತದೆ, ಹೊಗೆಯೂ ಜಾಸ್ತಿಯಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಹಲವು ವರ್ಷದ ಹಿಂದೆ ನಾನೇ ಒಂದು ಮ್ಯಾನಿಫೋಲ್ಡಿಗೆ ದಪ್ಪ ಪೈಪ್ ವೆಲ್ಡ್ ಮಾಡಿದ್ದೆ. ಒಳಗೆ ವೆಲ್ಡಿಂಗಿನ ಒಂದು ಹನಿ ಅಂಟಿಕೊಂಡು ಉಳಿದಿತ್ತು. ಜೋಳದ ಕಾಳಿನಷ್ಟು. ನಾನು ನೋಡಲಿಲ್ಲ. ಗಾಡಿ ಕರಾಡ ದಾಟುವ ಹೊತ್ತಿಗೆ ಅದು ಕಳಚಿ ಸಿಲಿಂಡರಿಗೆ ಬಿತ್ತು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಉಳಿಯುವುದು ಸುಮಾರು 1 ಮಿಲಿಮೀಟರ್ ಜಾಗ. ಜೋಳದ ಕಾಳು ಅಲ್ಲಿ ಎಲ್ಲಿ ಹಿಡಿಸೀತು? ಪಿಸ್ಟನ್ ಒಡೆಯಿತು, ವಾಲ್ವ್ ಬಾಗಿತು. ಆ ಡ್ರೈವರ್ ಎರಡು ರಾತ್ರಿ ಹೆದ್ದಾರಿ ಬದಿಯಲ್ಲಿ ಮಲಗಿದ. ಅದು ನನ್ನ ತಪ್ಪು. ಅಂದಿನಿಂದ ಮ್ಯಾನಿಫೋಲ್ಡ್ ಮುಟ್ಟುವಾಗೆಲ್ಲ ಆ ಕಾಳು ನೆನಪಾಗುತ್ತದೆ.

ಅದಕ್ಕೇ ಹೇಳುತ್ತೇನೆ. ಮನೆಯಲ್ಲಿ ಬಿಚ್ಚುವವರು ಮೊದಲು ಹೆಡ್ಡಿನ ಬಾಯಿಗಳಿಗೆ ಶುದ್ಧ ಬಟ್ಟೆ ತುರುಕಿ. ನಾಲ್ಕು ಬಾಯಿಗೆ ನಾಲ್ಕು ಬಟ್ಟೆ. ಎಣಿಸಿ ಇಡಿ, ಎಣಿಸಿ ತೆಗೆಯಿರಿ. ಸೆನ್ಸರ್ ಬಿಚ್ಚಿ ಬೇರೆ ಇಡಿ. ಮ್ಯಾನಿಫೋಲ್ಡ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಕಾಸ್ಟಿಕ್ ಸೋಡಾ ಹಾಕಲೇಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ನಾವು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆವು. ಬೆಳಗ್ಗೆ ಬ್ರಷ್ಷಿನಿಂದ ಉಜ್ಜಿ, ಸೋಪು ನೀರಿನಲ್ಲಿ ತೊಳೆದು, ಗಾಳಿ ಹೊಡೆದು, ಬಿಸಿಲಿಗೆ ಇಟ್ಟೆವು.

ಮಾರ್ಪಾಡು ಅಂತ ಮಾಡಿದ್ದು ಒಂದೇ. ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಕೂರುವ ಹೊಸ ಪ್ಯಾಕಿಂಗ್ ಇಟ್ಟು ನೋಡಿದಾಗ ಮ್ಯಾನಿಫೋಲ್ಡಿನ ಎರಡು ಬಾಯಿಗಳ ಅಂಚು ಒಳಗೆ ಚಾಚಿತ್ತು. ಗಾಳಿ ಅಲ್ಲಿ ಎಡವುತ್ತದೆ. ಪ್ಯಾಕಿಂಗಿನ ಗೆರೆಯವರೆಗೆ ಮಾತ್ರ ಅರದಿಂದ ಉಜ್ಜಿ ಸಮ ಮಾಡಿದೆ. ಆಮೇಲೆ ಮತ್ತೆ ತೊಳೆದೆ. ಕನ್ನಡಿಯ ಹಾಗೆ ಹೊಳೆಯಿಸುವ ಅಗತ್ಯ ಇಲ್ಲ. ಬೋಲ್ಟನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು.

ಕೂಡಿಸಿದ ಮೇಲೆ ಟರ್ಬೊ ಕಡೆಯ ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರಿನಿಂದ 1 ಬಾರ್ ಒತ್ತಡ ಮೀರದ ಹಾಗೆ ಗಾಳಿ ತುಂಬಿ, ಜೋಡಣೆಗಳ ಮೇಲೆಲ್ಲ ಸೋಪು ನೀರು ಹಾಕಿದೆವು. ಟರ್ಬೊದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಹೋಸ್ ಪೈಪಿನ ಕೆಳಗಡೆ ಬುಳುಬುಳು ಗುಳ್ಳೆ ಎದ್ದವು. ಕಣ್ಣಿಗೆ ಕಾಣದ ಸೀಳು. ಟರ್ಬೊ ತುಂಬಿದ ಗಾಳಿ ಇಷ್ಟು ದಿನ ಅಲ್ಲೇ ಸೋರಿ ಹೋಗುತ್ತಿತ್ತು. ಆ ಹುಡುಗನ ಮುಖ ನೀವು ನೋಡಬೇಕಿತ್ತು. ಹೋಸ್, ಕ್ಲಿಪ್ ಎರಡನ್ನೂ ಬದಲಾಯಿಸಿದೆವು.

ಕೊನೆಗೆ ಸ್ಟಾರ್ಟ್ ಮಾಡುವುದು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಡೀಸೆಲ್ ಎಂಜಿನ್ನಿನ ವೇಗ ಹಿಡಿತದಲ್ಲಿರುವುದು ಎಷ್ಟು ಡೀಸೆಲ್ ಬೀಳುತ್ತದೆ ಎಂಬುದರಿಂದ. ಮ್ಯಾನಿಫೋಲ್ಡಿನಲ್ಲೋ ಇಂಟರ್‌ಕೂಲರಿನಲ್ಲೋ ಸೀಮೆಎಣ್ಣೆ, ಆಯಿಲ್ ನಿಂತಿದ್ದರೆ ಎಂಜಿನ್ ಅದನ್ನೂ ಕುಡಿದು ಓಡುತ್ತದೆ. ವೇಗ ಏರುತ್ತಲೇ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಗಾಳಿಯ ಬಾಯಿ ಮುಚ್ಚಬೇಕು. ಕೈಯಿಂದ ಮುಚ್ಚಬೇಡಿ, ಬಟ್ಟೆಯೂ ಬೇಡ, ಎಳೆದುಕೊಳ್ಳುತ್ತದೆ. ದಪ್ಪ ಹಲಗೆ ಬೇಕು.

ಹುಡುಗನ ಕೈಗೆ ಹಲಗೆ ಕೊಟ್ಟು ಗಾಳಿ ಬಾಯಿಯ ಪಕ್ಕ ನಿಲ್ಲಿಸಿದೆ. ಕೀ ತಿರುಗಿಸಿದೆ. ಮೊದಲು ಸ್ವಲ್ಪ ಹೊಗೆ ಬಂತು, ಆಮೇಲೆ ತಿಳಿಯಾಯಿತು. ಎಂಜಿನ್ ಒಂದೇ ದನಿಯಲ್ಲಿ ಓಡತೊಡಗಿತು. ಅವನು ಹಲಗೆ ಹಿಡಿದೇ ಇದ್ದ. ಐದು ನಿಮಿಷ ಆದ ಮೇಲೆ "ಇಡ್ಲಾ ಕಾಕಾ?" ಅಂದ. ಇಡು ಅಂದೆ.

ನಮಸ್ಕಾರ.