ಮೊದಲು ಕೈ, ಆಮೇಲೆ ಅಕ್ಷರ

ಎಲ್ಲರಿಗೂ ನಮಸ್ಕಾರ. ಈ ವಿಡಿಯೊದ ಕೆಳಗೆ ಬರುತ್ತಿರುವ ಕನ್ನಡ ಅಕ್ಷರಗಳನ್ನು ಯಂತ್ರ ಬರೆದಿಲ್ಲ, ನಾನೇ ಕೂತು ಟೈಪ್ ಮಾಡಿದ್ದೇನೆ. ಇವತ್ತು ಯಾರ ವಿಷಯ ಮಾತಾಡುತ್ತಿದ್ದೇನೋ ಅವರಿಗೇ ಇದು ತಲುಪದೆ ಹೋಗಬಾರದು.

ನಮ್ಮಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಅಮ್ಮನಿಗೂ ಅಷ್ಟೇ. ಮೈಸೂರಿನಲ್ಲಿ ಅಪ್ಪ ಮತ್ತು ಅವರ ಗೆಳೆಯರು ಭಾನುವಾರ ಸಂಜೆ ಸೇರುವ ಕಿವುಡರ ಸಂಘ ಒಂದಿದೆ. ಬಾಡಿಗೆಗೆ ಹಿಡಿದ ಹಾಲ್, ಎರಡು ಕೇರಂ ಬೋರ್ಡು, ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಎಂಟು ಗಂಟೆಗೆ ಬೀಗ ಬೀಳುತ್ತದೆ, ಆದರೆ ಯಾರೂ ಮನೆಗೆ ಹೊರಡುವುದಿಲ್ಲ. ಎದುರಿನ ಬೀದಿದೀಪದ ಕೆಳಗೆ ಗುಂಪುಗೂಡಿ ನಿಲ್ಲುತ್ತಾರೆ. ಕತ್ತಲಲ್ಲಿ ಕೈ ಕಾಣದಿದ್ದರೆ ಮಾತೇ ಇಲ್ಲ, ಅದಕ್ಕೆ ಬೆಳಕು ಬೇಕು. ಚಿಕ್ಕವಳಿದ್ದಾಗ ಅಪ್ಪನ ಅಂಗಿಯ ಚುಂಗು ಹಿಡಿದು ನಿದ್ದೆಗಣ್ಣಲ್ಲಿ ಆ ದೀಪದ ಕೆಳಗೆ ಎಷ್ಟು ಹೊತ್ತು ನಿಂತಿದ್ದೇನೋ ಲೆಕ್ಕವಿಲ್ಲ.

ಈಗ ಆ ಸಂಘಕ್ಕೆ ಒಂದು ವೆಬ್‌ಸೈಟ್ ಬೇಕಾಗಿದೆ. ನನ್ನ ಹೊಟ್ಟೆಪಾಡೂ ಅದೇ ಕೆಲಸ. ಆದರೆ ನನ್ನನ್ನು ಕೇಳುವ ಮೊದಲು ಅವರು ಬೇರೊಬ್ಬರ ಕೈಯಲ್ಲಿ ಒಂದು ಮಾದರಿ ಮಾಡಿಸಿದ್ದರು. ಅದನ್ನು ನೋಡಿ ನನಗೆ ಸಂಕಟವಾಯಿತು. ಪುಟ ತೆರೆದ ಕೂಡಲೇ ಕೊಳಲಿನ ಸಂಗೀತ. ಮೂಲೆಯಲ್ಲಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಬಟನ್. ಸಂಪರ್ಕಿಸಿ ಅನ್ನುವ ಕಡೆ ಒಂದೇ ಒಂದು ಫೋನ್ ನಂಬರ್. ಮಾಡಿದವರದ್ದು ಕೆಟ್ಟ ಮನಸ್ಸಲ್ಲ. ಅಂಗವಿಕಲರಿಗೆ ಅಂದಾಗ ಸಿದ್ಧವಾಗಿ ಸಿಗುವ ಒಂದು ಸಲಕರಣೆ ತಂದು ಅಂಟಿಸಿದ್ದಾರೆ, ಅಷ್ಟೇ. ಕಣ್ಣು ಕಾಣದವರಿಗೆ ಬೇಕಾದದ್ದು ಬೇರೆ, ಕಿವಿ ಕೇಳದವರಿಗೆ ಬೇಕಾದದ್ದು ಬೇರೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಅಪ್ಪ ಮೊಬೈಲನ್ನು ಮೇಲೆ ಕೆಳಗೆ ಸರಿಸಿ, ಹುಬ್ಬು ಗಂಟಿಕ್ಕಿ ಕೈಯಲ್ಲಿ ಕೇಳಿದರು: ನಮ್ಮ ಭಾಷೆ ಎಲ್ಲಿ?

ನನ್ನ ಇಡೀ ಯೋಜನೆ ಆ ಪ್ರಶ್ನೆಯ ಮೇಲೆ ನಿಂತಿದೆ. ಕಿವಿ ಕೇಳದಿದ್ದರೇನು, ಕಣ್ಣಿದೆಯಲ್ಲ, ಓದಿಕೊಳ್ಳಲಿ ಅನ್ನುವವರು ತುಂಬ ಜನ. ಅವರಿಗೆ ಒಂದು ವಿಷಯ ಹೇಳಬೇಕು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಅಂತ ಅಲ್ಲಿ ತೀರ್ಮಾನಿಸಿದರು. ಆ ತೀರ್ಮಾನದ ಬಗ್ಗೆ ಅದೇ ಸಮ್ಮೇಳನದ ಮುಂದಿನ ಪೀಳಿಗೆ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ. ಆ ಗಾಳಿ ನಮ್ಮ ದೇಶದ ಶಾಲೆಗಳಿಗೂ ಬೀಸಿತ್ತು. ಅಪ್ಪ ತರಗತಿಯಲ್ಲಿ ಕೈ ಆಡಿಸಿದರೆ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು. ಮೇಷ್ಟ್ರ ತುಟಿ ನೋಡಿಕೊಂಡೇ ಕನ್ನಡ ಕಲಿಯಬೇಕಿತ್ತು. ನೀವೇ ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಪಟ, ಬಟ, ಮಠ ಅಂತ ಹೇಳಿ ನೋಡಿ. ತುಟಿ ಮೂರಕ್ಕೂ ಒಂದೇ ಥರ ಆಡುತ್ತದೆ.

ಹಾಗೆ ಕಲಿತ ಕನ್ನಡದಲ್ಲಿ ಅಪ್ಪ ಬಸ್ಸಿನ ಬೋರ್ಡು ಓದುತ್ತಾರೆ, ಕರೆಂಟ್ ಬಿಲ್ ಓದುತ್ತಾರೆ. "ಮೇಲ್ಕಂಡ ದಾಖಲೆಗಳನ್ನು ದೃಢೀಕರಿಸಿ ಲಗತ್ತಿಸತಕ್ಕದ್ದು" ಅಂತ ಬಂದರೆ ಕಾಗದ ನನ್ನ ಮುಂದೆ ಇಡುತ್ತಾರೆ. ಇದು ದಡ್ಡತನ ಅಲ್ಲ. ಸನ್ನೆಯಲ್ಲಿ ಅವರು ಒಂದು ಮದುವೆಯ ಜಗಳವನ್ನು ವರ್ಣಿಸಿದರೆ, ಮಂಟಪದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾರ ಮುಖ ಹೇಗಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಅವರ ಭಾಷೆ ಅದು. ಕನ್ನಡ ಅವರಿಗೆ ಎರಡನೆಯದು, ಅದೂ ಒಮ್ಮೆಯೂ ಕಿವಿಗೆ ಬೀಳದ ಎರಡನೆಯದು.

ಹಾಗಾಗಿ ನಮ್ಮ ವೆಬ್‌ಸೈಟಿನಲ್ಲಿ ಸನ್ನೆ ಭಾಷೆಯ ವಿಡಿಯೊ ಮೂಲೆಯ ಸಣ್ಣ ಚೌಕದಲ್ಲಿ ಇರುವುದಿಲ್ಲ. ಪುಟದ ನೆತ್ತಿಯಲ್ಲಿ, ಪರದೆಯ ಅಗಲಕ್ಕೂ ಅದೇ. ಅಕ್ಷರ ಅದರ ಕೆಳಗೆ.

ವೆಬ್‌ಸೈಟ್‌ಗಳಿಗೆ ಅಂಗವಿಕಲರೂ ಬಳಸುವಂತಿರಲಿ ಅಂತ ಅಂತಾರಾಷ್ಟ್ರೀಯ ನಿಯಮಾವಳಿ ಒಂದಿದೆ, ಡಬ್ಲ್ಯುಸಿಎಜಿ ಅಂತ. ಅದರ 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಎ, ಎಎ, ಎಎಎ ಅಂತ ಮೂರು ಹಂತ. ಮೊದಲೇ ರೆಕಾರ್ಡ್ ಮಾಡಿದ ವಿಡಿಯೊಗೆ ಕ್ಯಾಪ್ಷನ್, ಅಂದರೆ ಮಾತನ್ನು ಬರೆದು ತೋರಿಸುವ ಅಕ್ಷರ, ಬೇಕು ಅನ್ನುವುದು ಮೊದಲ ಹಂತದಲ್ಲೇ ಇದೆ, ಸಂತೋಷ. ಸನ್ನೆ ಭಾಷೆ ಇರುವುದು ಮಾತ್ರ ಎಎಎಯಲ್ಲಿ, ಕಟ್ಟಕಡೆಗೆ. ಹೆಚ್ಚಿನವರು ಎಎ ಮುಟ್ಟಿದರೆ ಸಾಕು ಅನ್ನುತ್ತಾರೆ. ಅಂದರೆ ಒಂದು ಸೆಕೆಂಡ್ ಸನ್ನೆ ಭಾಷೆ ಇಲ್ಲದೆಯೂ ಒಂದು ವೆಬ್‌ಸೈಟ್ ಪರೀಕ್ಷೆ ಪಾಸಾಗಬಹುದು. ಉಳಿದವರಿಗೆ ಅದು ಸರಿಯಿರಬಹುದು. ಕಿವುಡರ ಸಂಘಕ್ಕೆ ಅದನ್ನೇ ಅಳತೆಗೋಲು ಮಾಡಿಕೊಂಡರೆ ತಪ್ಪಾಗುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದಕ್ಕಿಂತ ಉದಾರವಾಗಿದೆ. ಅದರ 42ನೇ ಸೆಕ್ಷನ್ ಸನ್ನೆ ಭಾಷೆಯ ಅನುವಾದವನ್ನೂ ಕ್ಯಾಪ್ಷನ್‌ನನ್ನೂ ಒಟ್ಟಿಗೇ ಹೇಳುತ್ತದೆ.

ಸರಿ, ವಿಡಿಯೊ ಮಾಡುವುದು ಹೇಗೆ? ಇಲ್ಲಿ ನಾನು ಅಪ್ಪನ ಗೆಳೆಯರಿಂದ ಕಲಿತೆ. ಮೊಬೈಲನ್ನು ಉದ್ದಕ್ಕೆ ಹಿಡಿದು ಹತ್ತಿರದಿಂದ ತೆಗೆದರೆ ಮೊಣಕೈ ಹೊರಗೆ ಹೋಗುತ್ತದೆ, ಅರ್ಧ ಮಾತು ಕತ್ತರಿಸಿದ ಹಾಗೆ. ತಲೆಯ ಮೇಲೆ ಒಂದಿಷ್ಟು ಜಾಗ, ಕೆಳಗೆ ಸೊಂಟದವರೆಗೆ, ಎರಡೂ ಕಡೆ ಕೈ ಚಾಚುವಷ್ಟು ಬಿಡಬೇಕು. ಬೆಳಕು ಎದುರಿನಿಂದ ಬೀಳಬೇಕು, ಯಾಕೆಂದರೆ ಸನ್ನೆ ಭಾಷೆಯ ವ್ಯಾಕರಣದಲ್ಲಿ ಅರ್ಧ ಮುಖದಲ್ಲೇ ಇದೆ. ಹುಬ್ಬು ಏರಿದರೆ ಒಂದು ಅರ್ಥ, ಗಂಟಿಕ್ಕಿದರೆ ಇನ್ನೊಂದು. ಚೌಕಳಿ ಅಂಗಿ ಬೇಡ, ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದು ಸಾಕು. ವಿಡಿಯೊವನ್ನು ತೀರಾ ಸಣ್ಣದಾಗಿ ಕುಗ್ಗಿಸಿದರೆ ಬೆರಳುಗಳು ಕಲಸಿಹೋಗುತ್ತವೆ. ಅದರ ಬದಲು ಹೊತ್ತು ಕಡಿಮೆ ಮಾಡಿ, ಒಂದು ವಿಷಯಕ್ಕೆ ಒಂದು ವಿಡಿಯೊ. ಕ್ಯಾಪ್ಷನ್ ಕೈಗಳ ಮೇಲೆ ಬೀಳದೆ ಚೌಕಟ್ಟಿನ ಕೆಳಗೆ ಬರಲಿ.

ಇನ್ನೊಂದು, ನಮಗೆ ಕಿವಿ ಕೇಳುವವರಿಗೆ ಹೊಳೆಯದೇ ಇರುವುದು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕುವುದನ್ನು ತೋರಿಸುವಾಗ ನಾವು ಪರದೆ ನೋಡುತ್ತ ವಿವರಣೆ ಕೇಳುತ್ತೇವೆ. ಅವರಿಗೆ ಎರಡಕ್ಕೂ ಕಣ್ಣೇ ಬೇಕು. ಹಾಗಾಗಿ ಮೊದಲು ಸನ್ನೆಯಲ್ಲಿ ಹೇಳಿ, ಕೈ ಇಳಿಸಿ, ಆಮೇಲೆ ಪರದೆ ತೋರಿಸಬೇಕು. ಪಕ್ಕದಲ್ಲಿ ತಾನಾಗಿ ಸರಿಯುವ ಫೋಟೊಗಳ ಸಾಲು ಇಟ್ಟರೆ ಮಾತಾಡುವವರ ನಡುವೆ ಯಾರೋ ಓಡಾಡಿದ ಹಾಗೆ. ಅದು ಬೇಡವೇ ಬೇಡ.

ಫೋನ್ ನಂಬರಿನ ಜಾಗದಲ್ಲಿ ವಾಟ್ಸಾಪ್ ವಿಡಿಯೊ ಕಾಲ್ ಮತ್ತು ಮೆಸೇಜ್ ಇರುತ್ತದೆ. ಗ್ಯಾಸ್ ಬುಕಿಂಗ್‌ನಿಂದ ಹಿಡಿದು ಬ್ಯಾಂಕಿನವರೆಗೆ ಎಂಟನೇ ವಯಸ್ಸಿಗೇ ಅಪ್ಪನ ಪರವಾಗಿ ಫೋನ್ ಮಾಡಿದವಳು ನಾನು. ಅಪ್ಪನ ಸಾಲದ ಮೊತ್ತ ಆ ವಯಸ್ಸಿಗೇ ನನಗೆ ಗೊತ್ತಿತ್ತು. ಗೊತ್ತಿರಬಾರದಿತ್ತು.

ಹಾಗಂತ ಕನ್ನಡ ಬರಹ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮಂದಿರಿಗೆ. 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇರುವುದರಿಂದ ಎಲ್ಲೆಲ್ಲಿಂದಲೋ ತಾಯಂದಿರು ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತಾರೆ. ಮಗುವಿನ ಕಿವಿ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ರಾತ್ರಿ ಅಂಥ ಒಬ್ಬ ತಾಯಿ ಮೊಬೈಲ್ ಹಿಡಿದು ಕೂತಾಗ ನಮ್ಮ ಪುಟ ಸಿಗಬೇಕು. ಸಂಸಾರ ಹೂಡಿ, ಕೆಲಸ ಮಾಡಿ, ಕೇರಂ ಆಡುತ್ತ ಜಗಳ ಕಾಯುವ ದೊಡ್ಡ ವಯಸ್ಸಿನ ಕಿವುಡರನ್ನು ಅವರು ನೋಡಬೇಕು. ಆ ಪುಟದ ಒಂದೊಂದು ವಾಕ್ಯವನ್ನೂ ನಾನು ಚಿಕ್ಕದಾಗಿ, ಮನೆಮಾತಿನಲ್ಲಿ ಬರೆಯುತ್ತಿದ್ದೇನೆ.

ಪದಾಧಿಕಾರಿಗಳ ಪುಟದ ಯೋಚನೆ ನನ್ನದಲ್ಲ, ಸಂಘದ ಹಿರಿಯರದ್ದು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರಿದೆ. ಗಲ್ಲದ ಮಚ್ಚೆ ಮುಟ್ಟಿ ತೋರಿಸಿದರೆ ಅದು ಖಜಾಂಚಿ, ಮೀಸೆ ತಿರುವಿದರೆ ನಮ್ಮಪ್ಪ. ಫೋಟೊ ಮತ್ತು ಹೆಸರಿನ ಜೊತೆ ಆ ಸನ್ನೆಯ ಮೂರು ಸೆಕೆಂಡಿನ ವಿಡಿಯೊ ಹಾಕಬೇಕು ಅಂದರು. ಯಾವ ನಿಯಮಾವಳಿಯಲ್ಲೂ ಇದು ನನಗೆ ಸಿಕ್ಕಿರಲಿಲ್ಲ. ದಿಲ್ಲಿಯ ಸನ್ನೆ ಭಾಷಾ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟು ತಂದಿದೆ, ನಮ್ಮ ವಿಡಿಯೊಗಳಲ್ಲಿ ಅದರ ಸನ್ನೆಗಳನ್ನೇ ಬಳಸೋಣ ಅಂತ ಹುಡುಗರು ಕೇಳಿದರು. ಸಭೆ ಒಂದು ಗಂಟೆ ನಡೆಯಿತು. ಕೊನೆಗೆ ಸರ್ಕಾರಿ ಕೆಲಸದ ಮಾಹಿತಿಗೆ ಆ ನಿಘಂಟಿನದ್ದು, ಉಳಿದದ್ದಕ್ಕೆ ನಮ್ಮೂರಿನದ್ದು ಅಂತಾಯಿತು. "ಮೂಗ" ಅನ್ನುವ ಪದ ವೆಬ್‌ಸೈಟಿನ ಎಲ್ಲೂ ಬರಬಾರದು ಅನ್ನುವುದಕ್ಕೆ ಮಾತ್ರ ಚರ್ಚೆಯೇ ಬೇಕಾಗಲಿಲ್ಲ, ಎಲ್ಲ ಕೈಗಳೂ ಒಟ್ಟಿಗೇ ಮೇಲೆದ್ದವು.

ಮೊದಲ ವಿಡಿಯೊ ಕಳೆದ ವಾರ ತೆಗೆದೆವು. ಅಪ್ಪ ತಮ್ಮ ಹಳೆಯ, ಗಾಜು ಬಿರಿದ ಮೊಬೈಲಿನಲ್ಲೇ ನೋಡುತ್ತೇನೆ ಅಂದರು, ಸಂಘದಲ್ಲಿ ಹೆಚ್ಚಿನವರ ಹತ್ತಿರ ಇರುವುದು ಅಂಥದ್ದೇ. ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ನೋಡಿ, ಎಡಗೈ ತೋರಿಸಿ ತಲೆಯಾಡಿಸಿದರು. ಕಿರುಬೆರಳು ಚೌಕಟ್ಟಿನಿಂದ ಆಚೆ ಹೋಗಿತ್ತು. ಈ ಭಾನುವಾರ ಮತ್ತೆ ತೆಗೆಯುತ್ತೇವೆ.