ಇನ್ಸುಲೇಶನ್‌ಗೆ ದುಡ್ಡು ಹಾಕೋ ಮುಂಚೆ ಆಟಿಕ್ ಹತ್ತಿ ನೋಡಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸ್ವಂತ ಮನೆ ಇರೋರು ಇನ್ಸುಲೇಶನ್, ಅಂದ್ರೆ ಮನೆಯ ಶಾಖ ಸೋರದ ಹಾಗೆ ಹಾಕೋ ಹೊದಿಕೆ, ಅಂದ ತಕ್ಷಣ ಕೇಳೋದು ಎರಡೇ, ಎಷ್ಟಾಗುತ್ತೆ, ಅದ್ರಲ್ಲಿ ಎಷ್ಟು ವಾಪಸ್ ಬರುತ್ತೆ. ಎರಡಕ್ಕೂ ಬರ್ತೀನಿ, ಆದ್ರೆ ಈ ಕೆಲಸದಲ್ಲಿ ಜನ ದುಡ್ಡು ಕಳ್ಕೊಳ್ಳೋದು ಹೆಚ್ಚಾಗಿ ಯಾವ್ದು ಮೊದಲು ಯಾವ್ದು ಆಮೇಲೆ ಅನ್ನೋದು ತಪ್ಪಿದಾಗ, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ.

ಕಂಟ್ರಾಕ್ಟರ್‌ಗೆ ಫೋನ್ ಮಾಡೋ ಮುಂಚೆ ಒಂದು ಟಾರ್ಚ್ ಹಿಡ್ಕೊಂಡು ಆಟಿಕ್, ಅಂದ್ರೆ ಮನೆಯ ಸೂರಿನ ಕೆಳಗಿರೋ ಅಟ್ಟ, ಹತ್ತಿ. ಈಗಾಗ್ಲೇ ಇನ್ಸುಲೇಶನ್ ಅಂತ ಹಾಸಿರೋ ಫೈಬರ್‌ಗ್ಲಾಸ್ ಮೇಲೆ ಅಲ್ಲಲ್ಲಿ ಕಪ್ಪಗೆ ಮಸಿ ಹಿಡಿದ ಹಾಗೆ ಕಾಣುತ್ತಾ ನೋಡಿ. ಹಾಗಿದ್ರೆ ಬಹುಪಾಲು ಅದರ ಕೆಳಗೆ ಒಂದು ತೂತು ಇರುತ್ತೆ, ಪ್ಲಂಬಿಂಗ್ ಪೈಪ್ ಮೇಲೆ ಬಂದ ಜಾಗವೋ ಲೈಟ್ ಫಿಟ್ ಮಾಡಿದ ಜಾಗವೋ, ಅಲ್ಲಿಂದ ಮನೆಯೊಳಗಿನ ಗಾಳಿ ವರ್ಷಗಟ್ಟಲೆ ಮೇಲಕ್ಕೆ ಹೋಗ್ತಾ ಇದೆ, ಫೈಬರ್‌ಗ್ಲಾಸ್ ಬರೀ ಅದರ ಧೂಳನ್ನ ಸೋಸಿಟ್ಕೊಂಡಿದೆ ಅಷ್ಟೆ, ಗಾಳಿ ತಡೆಯೋ ಶಕ್ತಿ ಅದಕ್ಕಿಲ್ಲ. ಈ ತೂತುಗಳನ್ನ ಮುಚ್ಚೋದಕ್ಕೆ ಏರ್ ಸೀಲಿಂಗ್ ಅಂತಾರೆ. ಇದು ಮೊದಲು ಆಗ್ಬೇಕು, ಮೇಲೆ ಹದಿನೈದು ಇಂಚು ಇನ್ಸುಲೇಶನ್ ಮೆಷಿನ್‌ನಲ್ಲಿ ಊದಿಸಿದ ಮೇಲೆ ತೂತು ಹುಡ್ಕೋಕೆ ಯಾರು ಅಗೀತಾರೆ ಹೇಳಿ.

ಹಾಗೇ ಆಟಿಕ್‌ನಲ್ಲಿ ಸಣ್ಣ ಕಲ್ಲಿನ ಥರ, ಬೂದು ಅಥವಾ ಕಂದು ಬಣ್ಣದ, ಸ್ವಲ್ಪ ಹೊಳೆಯೋ ಹರಳು ಸುರಿದಿದ್ರೆ ಕೈ ಹಾಕ್ಬೇಡಿ, ಕೆದಕ್ಬೇಡಿ, ಇಳಿದು ಬನ್ನಿ. ಅದು ವರ್ಮಿಕ್ಯುಲೈಟ್ ಇರಬಹುದು, ಹಿಂದೆ ಇನ್ಸುಲೇಶನ್‌ಗೆ ಸುರೀತಿದ್ದ ಖನಿಜ. 1990ಕ್ಕೆ ಮುಚ್ಚಿದ ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದ ಮಾಲಿನಲ್ಲಿ ಆಸ್ಬೆಸ್ಟಾಸ್ ಇತ್ತು, ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಅಪಾಯದ ನಾರು. ಹಳೇ ಮನೆ ಆಗಿದ್ರೆ ಪಿಂಗಾಣಿ ಗುಬುಟಿನ ಮೇಲೆ ಎಳೆದಿರೋ ಹಳೇ ವೈರಿಂಗ್ ಇದ್ಯಾ ಅಂತಾನೂ ನೋಡಿ, ಅದು ಸುತ್ತ ಗಾಳಿಯಾಡಿದ್ರೆ ಮಾತ್ರ ತಣ್ಣಗಿರೋ ವೈರು, ಅದನ್ನ ಇನ್ಸುಲೇಶನ್‌ನಲ್ಲಿ ಹೂತ್ರೆ ಬೆಂಕಿ ಅಪಾಯ.

ಈಗ ಆರ್-ವ್ಯಾಲ್ಯೂ, ಅಂದ್ರೆ ಶಾಖ ತಡೆಯೋ ಶಕ್ತಿಯ ಅಳತೆ. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಮಾರೋರು ಹೇಳ್ತಾರೆ, ಸುಳ್ಳಲ್ಲ, ಆದ್ರೆ ಲೆಕ್ಕ ಹಾಕಿ ನೋಡಿ. ಶಾಖ ಸೋರೋದು ಆರ್-ವ್ಯಾಲ್ಯೂಗೆ ವಿಲೋಮ. ಆಟಿಕ್‌ನಲ್ಲಿ ಆರ್-11 ಇದ್ದದ್ದನ್ನ ಆರ್-49 ಮಾಡಿದ್ರೆ ಆ ಆಟಿಕ್ ನೆಲದ ಮೂಲಕ ಹೋಗೋ ಶಾಖ ಕಾಗದದ ಮೇಲೆ ಶೇಕಡಾ 78ರಷ್ಟು ಕಡಿಮೆ ಆಗುತ್ತೆ, ಅಲ್ಲಿಂದ ಆರ್-60ಕ್ಕೆ ಹೋದ್ರೆ ಮೊದಲಿದ್ದದ್ದರ ಇನ್ನೊಂದು ಶೇಕಡಾ 4 ಅಷ್ಟೇ. ಚಳಿ ಪ್ರದೇಶಕ್ಕೆ ಆರ್-60 ಅಂತ ಸರ್ಕಾರದ ಶಿಫಾರಸಿದೆ, ಈಗಾಗ್ಲೇ ಜನ ಬಂದು ಮೆಷಿನ್ ನಿಲ್ಲಿಸಿದಾಗ ಹಾಕಿಸ್ಕೊಳ್ಳಿ, ಆದ್ರೆ ಆಗ್ಲೇ ಆರ್-49 ಇರೋ ಮನೆಗೆ ಅದೊಂದಕ್ಕೇ ಸಾವಿರಾರು ಡಾಲರ್ ಸುರೀಬೇಡಿ. ಸಿಂಪಡಿಸಿದ ಮೇಲೆ ಉಬ್ಬಿಕೊಳ್ಳೋ ಸ್ಪ್ರೇ ಫೋಮ್ ಕೂಡ ಹಾಗೇ. ಅದ್ರಲ್ಲಿ ಗಟ್ಟಿ ಜಾತಿಯ ಕ್ಲೋಸ್ಡ್ ಸೆಲ್ ಫೋಮ್ ಇಂಚಿಗೆ ಆರ್-6ರ ಮೇಲೆ ಕೊಡುತ್ತೆ, ಸೆಲ್ಯುಲೋಸ್, ಅಂದ್ರೆ ಹಳೇ ಕಾಗದದ ನಾರು, ಸುಮಾರು ಮೂರೂವರೆ, ಆದ್ರೆ ಫೋಮ್ ರೇಟು ಎಷ್ಟೋ ಪಟ್ಟು ಜಾಸ್ತಿ. ಜಾಗ ಇಕ್ಕಟ್ಟಾಗಿರೋ ಕಡೆ ಫೋಮ್ ಸರಿ. ತೆರೆದ ಆಟಿಕ್ ನೆಲಕ್ಕೆ ಸೆಲ್ಯುಲೋಸ್ ಸಾಕು, ನನ್ನ ಮಟ್ಟಿಗೆ.

ಈಗ ರಿಬೇಟ್, ಅಂದ್ರೆ ಖರ್ಚಿನಲ್ಲಿ ವಾಪಸ್ ಸಿಗೋ ದುಡ್ಡಿನ ವಿಷ್ಯ. ತುಂಬಾ ಜನ ಇನ್ನೂ ಆ ಫೆಡರಲ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಕೇಂದ್ರಕ್ಕೆ ಕಟ್ಟೋ ತೆರಿಗೆಯಲ್ಲಿ ಸಿಗೋ ಕಡಿತದ ಲೆಕ್ಕದಲ್ಲೇ ಇದ್ದಾರೆ, ಶೇಕಡಾ 30, ಇನ್ಸುಲೇಶನ್‌ಗೆ ವರ್ಷಕ್ಕೆ 1,200 ಡಾಲರ್‌ವರೆಗೆ ಅಂತ ಇತ್ತಲ್ಲ, ಅದು 2025ರ ಡಿಸೆಂಬರ್ 31ಕ್ಕೆ ಮುಗೀತು, ಅದಾದ ಮೇಲೆ ಹಾಕಿಸಿದ್ದಕ್ಕೆ ಸಿಗಲ್ಲ. ಇದ್ದಾಗ್ಲೂ ಮೆಟೀರಿಯಲ್‌ಗೆ ಮಾತ್ರ ಸಿಗ್ತಿತ್ತು, ಕೂಲಿಗೆ ಇರಲಿಲ್ಲ. ಈಗ ನೋಡ್ಬೇಕಾದ್ದು ನಿಮ್ಮ ರಾಜ್ಯ ಮತ್ತು ನಿಮ್ಮ ಕರೆಂಟ್, ಗ್ಯಾಸ್ ಕಂಪನಿ. 2022ರ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ಅನ್ನೋ ಫೆಡರಲ್ ಕಾಯ್ದೆಯಿಂದ ಬಂದ ರಾಜ್ಯದ ರಿಬೇಟ್‌ಗಳಲ್ಲಿ ಒಂದರಲ್ಲಿ ಇನ್ಸುಲೇಶನ್, ಏರ್ ಸೀಲಿಂಗ್‌ಗೆ 1,600 ಡಾಲರ್‌ವರೆಗೆ ಇದೆ, ಅದು ಆದಾಯದ ಮೇಲೆ, ನಿಮ್ಮ ಪ್ರದೇಶದ ಮೀಡಿಯನ್ ಆದಾಯದ (ಅರ್ಧ ಮನೆಗಳ ಆದಾಯ ಅದಕ್ಕಿಂತ ಜಾಸ್ತಿ, ಅರ್ಧ ಮನೆಗಳದ್ದು ಕಡಿಮೆ) ಶೇಕಡಾ 150 ದಾಟಿದ್ರೆ ಬರಲ್ಲ, ಕೆಲವು ರಾಜ್ಯಗಳಲ್ಲಿ ಇನ್ನೂ ಶುರು ಕೂಡ ಆಗಿಲ್ಲ. ಮುಖ್ಯವಾದ ಮಾತು, ಕೆಲಸ ಮುಗಿಸಿ ಬಿಲ್ ತಗೊಂಡು ಹೋದ್ರೆ ಇಂಥದ್ರಲ್ಲಿ ಕೊಡಲ್ಲ. ಮೊದಲು ಅಪ್ಲಿಕೇಶನ್, ಎಷ್ಟೋ ಕಡೆ ಮೊದಲು ಎನರ್ಜಿ ಆಡಿಟ್ (ಮನೆ ಎಲ್ಲೆಲ್ಲಿ ಶಾಖ ಕಳ್ಕೊಳ್ಳುತ್ತೆ ಅನ್ನೋ ತಪಾಸಣೆ), ಅವರ ಪಟ್ಟಿಯಲ್ಲಿರೋ ಕಂಟ್ರಾಕ್ಟರ್, ಅಪ್ರೂವಲ್ ಬಂದ ಮೇಲೆ ಕೆಲಸ. ಆಡಿಟ್ ಮಾಡೋರು ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿ ಎಷ್ಟು ಸೋರುತ್ತೆ ಅಂತ ಅಳೆಯೋ ಬ್ಲೋವರ್ ಡೋರ್ ಟೆಸ್ಟ್ ಮಾಡ್ತಾರೆ, ಇನ್ಸುಲೇಶನ್ ಕೆಲಸ ಮುಗಿದ ಮೇಲೆ ಇನ್ನೊಂದು ಸಲ ಮಾಡಿಸಿ, ಮನೆ ಬಿಗಿಯಾದ ಮೇಲೆ ಹಳೇ ಗ್ಯಾಸ್ ವಾಟರ್ ಹೀಟರ್ ಹೊಗೆ ವಾಪಸ್ ಮನೆಯೊಳಗೇ ಬರೋ ಸಾಧ್ಯತೆ ಇರುತ್ತೆ, ಅದನ್ನೂ ಚೆಕ್ ಮಾಡ್ಸಿ.

ಪರ್ಮಿಟ್ ಬೇಕಾ? ಊರಿಂದೂರಿಗೆ ಬೇರೆ. ಆಟಿಕ್‌ನಲ್ಲಿ ಬರೀ ಊದಿಸೋದಕ್ಕೆ ಎಷ್ಟೋ ಕಡೆ ಕೇಳಲ್ಲ, ಗೋಡೆ ಬಿಚ್ಚಿದ್ರೆ, ವೈರಿಂಗ್ ಮುಟ್ಟಿದ್ರೆ ಕೇಳ್ತಾರೆ, ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ಗೆ ಒಂದು ಫೋನ್ ಮಾಡಿದ್ರೆ ಗೊತ್ತಾಗುತ್ತೆ. ಕಂಟ್ರಾಕ್ಟರ್ "ನೀವೇ ನಿಮ್ಮ ಹೆಸರಲ್ಲಿ ತಗೊಳ್ಳಿ ಸಾರ್, ಕಡಿಮೆ ಆಗುತ್ತೆ" ಅಂದ್ರೆ ಸ್ವಲ್ಪ ಹುಷಾರಾಗಿರಿ, ಇನ್‌ಸ್ಪೆಕ್ಷನ್ ಫೇಲ್ ಆದ್ರೆ ಉತ್ತರ ಕೊಡೋದು ನೀವು. 1978ಕ್ಕಿಂತ ಮುಂಚಿನ ಮನೆ ಆದ್ರೆ ಗೋಡೆ ಕೊರೆಯೋರಿಗೆ ಲೆಡ್ ಪೇಂಟ್ (ಸೀಸ ಇರೋ ಬಣ್ಣ) ಸರ್ಟಿಫಿಕೇಟ್ ಇರಬೇಕು, ಕೇಳಿ ನೋಡಿ.

ಕೊನೇದಾಗಿ ಕೊಟೇಶನ್. "ಆರ್-49 ಹಾಕ್ತೀವಿ" ಅಂತ ಬರೆದ್ರೆ ಸಾಲದು. ಪ್ರತಿ ಚೀಲದ ಮೇಲೆ ಒಂದು ಟೇಬಲ್ ಇರುತ್ತೆ, ಸಾವಿರ ಚದರಡಿಗೆ ಯಾವ ಆರ್-ವ್ಯಾಲ್ಯೂಗೆ ಎಷ್ಟು ಚೀಲ, ಎಷ್ಟು ಇಂಚು ಅಂತ, ಅದನ್ನ ಹಾಕಲೇಬೇಕು ಅಂತ ಫೆಡರಲ್ ನಿಯಮಾನೇ ಇದೆ. ಇಂಚು ಮಾತ್ರ ನಂಬಬೇಡಿ, ಗಾಳಿ ಜಾಸ್ತಿ ಬಿಟ್ಟು ಉಬ್ಬಿಸಿದ್ರೆ ಇಂಚು ಸಿಗುತ್ತೆ, ಆಮೇಲೆ ಕೂತ್ಕೊಂಡ್ಬಿಡುತ್ತೆ. ಚೀಲದ ಲೆಕ್ಕ ಕಾಂಟ್ರಾಕ್ಟ್‌ನಲ್ಲಿ ಬರೆಸಿ, ಕೆಲಸ ಮುಗಿದ ದಿನ ಅವರು ಲಾರಿಗೆ ಹಾಕೋ ಮುಂಚೆ ಖಾಲಿ ಚೀಲ ಎಣಿಸಿ.

ಈಗ ಪ್ರಶ್ನೆಗಳು ಕೇಳಿ.