ಹೊಲಿಗೆ ಎಷ್ಟು ಎಂದಲ್ಲ, ಎಷ್ಟು ಆಳ ಎಂದು ಕೇಳಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮುಚ್ಚಿಡುವ ಜಾಗದ್ದು: ಹೆರಿಗೆಯ ಹೊತ್ತಿನಲ್ಲಿ ಯೋನಿಯಿಂದ ಮಲದ್ವಾರದ ಕಡೆಗೆ ಆಗುವ ಸೀಳಿನದು. ಮನೆಯ ಗಂಡಸರು ಎದ್ದು ಹೋಗದೆ ಕೇಳಬೇಕೆಂದು ಕೋರಿಕೆ.

ಚಿಂತಾಮಣಿ ಕಡೆಯ ಹಳ್ಳಿಯಿಂದ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದಿದ್ದರು. ಚೊಚ್ಚಲ ಹೆರಿಗೆಯಾಗಿ ಐದು ತಿಂಗಳು. "ಏಳು ಹೊಲಿಗೆ ಹಾಕಿದ್ದರು ಡಾಕ್ಟರಮ್ಮ, ಎಲ್ಲ ಮಾಯ್ದಿದೆ. ಆದರೂ ಇವಳು ಯಾರ ಮನೆಯ ಮದುವೆಗೂ ಬರುವುದಿಲ್ಲ" ಎಂದರು. ಅಜ್ಜಿ ಹೊರಗೆ ಹೋದ ಮೇಲೆ ಹುಡುಗಿ ನೆಲ ನೋಡುತ್ತಾ ಬಾಯಿಬಿಟ್ಟಳು: ಗಾಳಿ ತಡೆಯಲಾಗುವುದಿಲ್ಲ, ಒಮ್ಮೊಮ್ಮೆ ಬಟ್ಟೆಯೂ ಕೆಡುತ್ತದೆ. ಅವಳಿಗೆ ಇಕ್ಕಳ, ಅಂದರೆ ಫೋರ್ಸೆಪ್ಸ್, ಹಾಕಿ ಹೆರಿಗೆ ಮಾಡಿಸಿದ್ದರು.

ನಮ್ಮವರು ಹೊಲಿಗೆಗಳನ್ನು ಎಣಿಸುತ್ತಾರೆ. ವೈದ್ಯರು ನೋಡಬೇಕಾದದ್ದು ಆಳವನ್ನು. ಚರ್ಮವಷ್ಟೇ ಹರಿದರೆ ಮೊದಲನೆಯ ಹಂತ, ಅದರ ಕೆಳಗಿನ ಸ್ನಾಯುವೂ ಹರಿದರೆ ಎರಡನೆಯದು. ಮಲದ್ವಾರವನ್ನು ಬಿಗಿಹಿಡಿಯುವ ಸ್ನಾಯು ಹರಿದರೆ ಮೂರನೆಯದು, ಒಳಪೊರೆಯೂ ಸೀಳಿದರೆ ನಾಲ್ಕನೆಯದು. ಬದುಕನ್ನು ಕಾಡುವುದು ಹೆಚ್ಚಾಗಿ ಈ ಕೊನೆಯ ಎರಡು.

ಇದು ಯಾರಿಗೆ ಆಗುವ ಸಂಭವ ಹೆಚ್ಚು? ಚೊಚ್ಚಲು ಬಸುರಿಯರಿಗೆ. ಮಗು ನಾಲ್ಕು ಕಿಲೋ ದಾಟಿದ್ದರೆ. ಬಸುರಿನಲ್ಲಿ ಸಕ್ಕರೆ ಹೆಚ್ಚಿದ್ದವರ ಮಕ್ಕಳು ಹೀಗೆ ದಪ್ಪವಾಗುವುದುಂಟು. ಮಗು ತಾಯಿಯ ಬೆನ್ನಿನ ಕಡೆ ಮುಖ ಮಾಡದೆ ಮೇಲೆ ನೋಡುತ್ತಾ ಬರುತ್ತಿದ್ದರೆ. ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ. ಗಂಟೆಗಟ್ಟಲೆ ತಿಣುಕಿ ತಾಯಿ ಸೋತಿದ್ದರೆ. ಇದರ ಮೇಲೆ ಸಾಧನವೂ ಸೇರುತ್ತದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಲೆಕ್ಕದಲ್ಲಿ, ನೆತ್ತಿಗೆ ಬಟ್ಟಲು ಹಚ್ಚಿ ಎಳೆಯುವ ವ್ಯಾಕ್ಯೂಮ್ ಹೆರಿಗೆಗಳಲ್ಲಿ 100ಕ್ಕೆ 1ರಿಂದ 4 ಮಂದಿಗೆ ಇಂಥ ಆಳದ ಸೀಳು. ಫೋರ್ಸೆಪ್ಸ್‌ನಲ್ಲಿ 8ರಿಂದ 12 ಮಂದಿಗೆ.

ಹಾಗೆಂದು ಇಕ್ಕಳವನ್ನು ಶಪಿಸಬೇಡಿ. ಮಗುವಿನ ಎದೆಬಡಿತ ಇಳಿಯುತ್ತಿರುವಾಗ ಅದೇ ಜೀವ ಉಳಿಸುತ್ತದೆ. ನನ್ನ ತಕರಾರು ಬೇರೆ ಎರಡರ ಮೇಲೆ. ಒಂದು, ಕತ್ತರಿ. ಸಾಧನ ಹಾಕುವಾಗ ಮಗುವಿನ ದಾರಿ ಅಗಲಿಸಲು ಕತ್ತರಿಸಬೇಕಾಗಿ ಬಂದರೆ ಓರೆಯಾಗಿ, ಸುಮಾರು 60 ಡಿಗ್ರಿ ಕೋನದಲ್ಲಿ ಕತ್ತರಿಸಬೇಕು. ನೇರ ಕೆಳಕ್ಕೆ ಕತ್ತರಿಸಿದರೆ ಸೀಳು ಸೀದಾ ಮಲದ್ವಾರದತ್ತ ಓಡುತ್ತದೆ. ಇನ್ನೊಂದು, ಹೆರಿಗೆ ಮುಗಿದ ಮೇಲಿನ ಅವಸರ. ಹೊಲಿಯುವ ಮೊದಲು ಮಲದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸದಿದ್ದರೆ ಒಳಗಿನ ಸೀಳು ಕಣ್ಣು ತಪ್ಪಿಸಿಕೊಳ್ಳುತ್ತದೆ. ಆ ಹುಡುಗಿಗೆ ಆಗಿದ್ದು ಇದೇ ಎಂದು ನನ್ನ ಅನುಮಾನ. ಅಲ್ಲೇ ಗುರುತಿಸಿ ಸರಿಯಾಗಿ ಹೊಲಿದರೆ, ವರ್ಷ ತುಂಬುವಷ್ಟರಲ್ಲಿ 100ರಲ್ಲಿ 60ರಿಂದ 80 ಮಂದಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ.

ಹೊಲಿದ ಮೇಲಿನ ಕೆಲಸ ಬಾಣಂತಿಯ ಮನೆಯದು. ನಮ್ಮ ಜಿಲ್ಲೆಯ ಬಾಣಂತನ ಗೊತ್ತಲ್ಲ! ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಚೊಂಬನ್ನೇ ಬಚ್ಚಿಡುತ್ತಾರೆ. ಸೊಪ್ಪು ಬೇಡ, ಬಾಳೆಹಣ್ಣು ಶೀತ. ಮೂರು ಹೊತ್ತೂ ಬಿಸಿ ಅನ್ನ, ಮೆಣಸು-ಬೆಳ್ಳುಳ್ಳಿಯ ಸಾರು. ಸಾರಿನ ಮೇಲೆ ನನಗೆ ಕೋಪವಿಲ್ಲ, ರುಚಿಯಾಗಿಯೇ ಇರುತ್ತದೆ. ಆದರೆ ಮಲ ಗಟ್ಟಿಯಾಗಿ ಅವಳು ತಿಣುಕಿದರೆ ಹೊಲಿದ ಸ್ನಾಯು ಹೇಗೆ ಕೂಡಬೇಕು? ಅವಳಿಗೆ ಧಾರಾಳವಾಗಿ ನೀರು ಕೊಡಿ, ಸೊಪ್ಪಿನ ಸಾರು ಕೊಡಿ. ಮಲ ಸಡಿಲವಾಗಲು ಆಸ್ಪತ್ರೆಯಲ್ಲಿ ಕೊಟ್ಟ ಸಿರಪ್ಪನ್ನು "ಮಗುವಿಗೆ ಭೇದಿಯಾದೀತು" ಎಂದು ಕಿಟಕಿಯ ಮೇಲಿಡಬೇಡಿ. ಮೂತ್ರ ತಡೆಯುವಂತೆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಮಲಗಿದಲ್ಲೇ ಮಾಡಬಹುದು. ಯಾವಾಗ ಶುರು ಮಾಡಬೇಕೆಂದು ನರ್ಸ್ ಅವರನ್ನೇ ಕೇಳಿ.

ಗಾಳಿ, ಮಲ ತಡೆಯಲಾಗದಿದ್ದರೆ ಆಶಾ ಕಾರ್ಯಕರ್ತೆಗಾದರೂ ಹೇಳಿ. ವರ್ಷ ಕಳೆದಿದ್ದರೂ ಚಿಕಿತ್ಸೆ ಇದೆ. ಮುಂದಿನ ಬಸುರಿಗೆ ಬರುವಾಗ ತಾಯಿ ಕಾರ್ಡಿನೊಂದಿಗೆ ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಚೀಟಿಯನ್ನೂ ತನ್ನಿ. ಅದರಲ್ಲಿ ಸೀಳು ಯಾವ ಹಂತದ್ದೆಂದು ಬರೆದಿರಬೇಕು; ಇಲ್ಲದಿದ್ದರೆ ಮನೆಗೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಚಿಂತಾಮಣಿಯ ಆ ಹುಡುಗಿಯ ಚೀಟಿಯಲ್ಲಿ ಇದ್ದದ್ದು ಎರಡೇ ಪದ: "ಹೊಲಿಗೆ ಹಾಕಲಾಗಿದೆ."

ನಮಸ್ಕಾರ.